ಹೊಕ್ಕುಬಳಕೆ: ಒಂದು ಚಿಕ್ಕ ದ್ವೀಪವನ್ನು ತಿಳಿಯುವುದು ಅಂದರೇನು?

ಊರಿಂದ ನೆಂಟರು ಫೋನ್ ಮಾಡಿದಾಗ ಕೇಳುವ ಪ್ರಶ್ನೆ ಸಾಮಾನ್ಯವಾಗಿ ಒಂದೇ: "ಸಿಂಗಾಪುರ ಪೂರ್ತಿ ನೋಡೋಕೆ ಎಷ್ಟು ದಿನ ಬೇಕಪ್ಪಾ?" ಮೂರು ದಿನ ಸಾಕು ಅಂತ ನಮ್ಮಲ್ಲಿ ಬಹಳ ಜನ ಹೇಳುತ್ತಾರೆ. ಮರೀನಾ ಬೇ ಒಂದು ದಿನ, ಸೆಂತೋಸಾ ಒಂದು ದಿನ, ಮೃಗಾಲಯ ಮತ್ತು ಮುಸ್ತಫಾ ಸೇರಿಸಿ ಇನ್ನೊಂದು ದಿನ. ಪ್ರವಾಸಕ್ಕೆ ಬರುವವರಿಗೆ ಆ ಉತ್ತರದಲ್ಲಿ ತಪ್ಪೇನಿಲ್ಲ. ಆದರೆ ಅದೇ ಪ್ರಶ್ನೆಯನ್ನು ಐದು, ಹತ್ತು, ಹದಿನೈದು ವರ್ಷದಿಂದ ಇಲ್ಲೇ ಇರುವ ನಮಗೆ ಕೇಳಿದರೆ? ನಾವು ಈ ದ್ವೀಪವನ್ನು ಎಷ್ಟು ಬಲ್ಲೆವು? ಅದನ್ನು ತಿಳಿಯಬೇಕು ಅನ್ನುವುದು ಬರೀ ಹವ್ಯಾಸವೋ, ಅಥವಾ ಒಂದು ಕರ್ತವ್ಯವೋ? ಈ ಬರಹದಲ್ಲಿ ಯೋಚಿಸಬೇಕು ಅಂತಿರೋದು ಈ ಎರಡನೇ ಪ್ರಶ್ನೆಯ ಬಗ್ಗೆ.

ದೂರ ಅನ್ನುವ ನೆಪ

ಮೊದಲು ಅಳತೆ ನೋಡೋಣ. ಸಿಂಗಾಪುರದ ಒಟ್ಟು ವಿಸ್ತೀರ್ಣ ಸುಮಾರು 735 ಚದರ ಕಿಲೋಮೀಟರ್. ಹೆಚ್ಚುಕಡಿಮೆ ಹಿಂದಿನ ಬೆಂಗಳೂರು ಮಹಾನಗರಪಾಲಿಕೆಗೆ ಇದ್ದ ವ್ಯಾಪ್ತಿಯಷ್ಟು. ಪೂರ್ವದಿಂದ ಪಶ್ಚಿಮಕ್ಕೆ 50 ಕಿಲೋಮೀಟರ್, ಅಂದರೆ ಬೆಂಗಳೂರಿನಿಂದ ರಾಮನಗರಕ್ಕೆ ಹೋದಷ್ಟು ದೂರ. ಅತಿ ಎತ್ತರದ ಬೆಟ್ಟ ಬುಕಿತ್ ತೀಮಾ, 164 ಮೀಟರ್. ನಮ್ಮ ಕಡೆ ಅದನ್ನು ಗುಡ್ಡ ಅಂತ ಕರೆಯೋಕೂ ಯೋಚನೆ ಮಾಡ್ತಾರೆ. ಪೂರ್ವದ ಪಾಸಿರ್ ರಿಸ್‌ನಲ್ಲಿ ಎಂಆರ್‌ಟಿ ಹತ್ತಿ ಕೂತರೆ ಒಂದೂವರೆ ಗಂಟೆಯೊಳಗೆ ಪಶ್ಚಿಮದ ತುದಿಯಲ್ಲಿರುವ ತುವಾಸ್ ಲಿಂಕ್‌ನಲ್ಲಿ ಇಳಿಯಬಹುದು.

ಕರ್ನಾಟಕದಲ್ಲಿ ಬೆಳೆದವರಿಗೆ "ನಾನು ಬೀದರ್ ನೋಡಿಲ್ಲ" ಅನ್ನೋಕೆ ಒಂದು ಕಾರಣ ಇರುತ್ತೆ. ರಾತ್ರಿಯಿಡೀ ಬಸ್ಸಿನಲ್ಲಿ ಕೂರಬೇಕು, ರಜೆ ಹಾಕಬೇಕು, ಖರ್ಚಿದೆ. ದೂರ ಅನ್ನುವುದು ನಮ್ಮ ಅಜ್ಞಾನಕ್ಕೆ ಒಂದು ಮರ್ಯಾದಸ್ಥ ನೆಪ. ಚಿಕ್ಕ ದ್ವೀಪ ಆ ನೆಪವನ್ನು ಕಿತ್ತುಕೊಳ್ಳುತ್ತೆ. ಇಲ್ಲಿ ಯಾವ ಜಾಗವೂ ದೂರವಿಲ್ಲ. ಹಾಗಿದ್ದೂ ಒಂದು ಭಾಗ ನಮಗೆ ಗೊತ್ತಿಲ್ಲ ಅಂದರೆ, ಅದಕ್ಕೆ ಭೂಗೋಳವನ್ನು ದೂರುವ ಹಾಗಿಲ್ಲ. ನಮ್ಮ ದಿನಚರಿ ಆ ಕಡೆ ತಿರುಗಿಲ್ಲ, ಅಷ್ಟೇ.

ದಿನಚರಿಯ ಶಕ್ತಿ ಸಣ್ಣದಲ್ಲ. 2008ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಬಂದ ಒಂದು ಅಧ್ಯಯನ ಒಂದು ಲಕ್ಷ ಮೊಬೈಲ್ ಬಳಕೆದಾರರ ಓಡಾಟವನ್ನು ನೋಡಿತ್ತು. ಜನ ಮತ್ತೆ ಮತ್ತೆ ಮರಳುವುದು ಕೆಲವೇ ಕೆಲವು ಜಾಗಗಳಿಗೆ ಅನ್ನುವುದು ಅದರ ತಿರುಳು. ನನಗೆ ಪರಿಚಯವಿರುವ ಹೆಚ್ಚಿನ ಕನ್ನಡದ ಮನೆಗಳು ದ್ವೀಪದ ಪೂರ್ವ ಭಾಗದಲ್ಲಿವೆ. ಮನೆ, ಚಾಂಗಿ ಬಿಸಿನೆಸ್ ಪಾರ್ಕಿನ ಆಫೀಸು, ಮಕ್ಕಳ ಶಾಲೆ, ತರಕಾರಿಗೆ ಟೆಕ್ಕಾ ಮಾರುಕಟ್ಟೆ, ಊರಿಗೆ ಹೋಗೋಕೆ ವಿಮಾನ ನಿಲ್ದಾಣ. ಐದು ಚುಕ್ಕಿ ಇಟ್ಟು ಗೆರೆ ಎಳೆದರೆ ರಂಗೋಲಿ ಮುಗಿಯಿತು. ಆ ಐದು ಚುಕ್ಕಿಗೇ ನಾವು ಸಿಂಗಾಪುರ ಅಂತ ಹೆಸರಿಟ್ಟಿದ್ದೇವೆ.

ಮೂರು ಮಾತುಗಳು

ಇಲ್ಲಿ ಕನ್ನಡ ಸ್ವಲ್ಪ ಸಹಾಯಕ್ಕೆ ಬರುತ್ತೆ. ಇಲ್ಲೇ ಹುಟ್ಟಿ, ಮನೆಯಲ್ಲಿ ಕನ್ನಡ ಕಲಿಯುತ್ತಿರುವ ಕಿರಿಯರು ಈ ಭಾಗವನ್ನು ನಿಧಾನವಾಗಿ ಓದಿ.

"ಗೊತ್ತು" ಅನ್ನುವ ಮಾತು ಇದೆ. "ನನಗೆ ಗೊತ್ತು" ಅಂತೀವಿ. ಇದರಲ್ಲಿ ನಾನು ಏನೂ ಮಾಡಬೇಕಾಗಿಲ್ಲ, ಸಂಗತಿ ನನ್ನ ಹತ್ತಿರ ಬಂದು ಸೇರಿದೆ. ಜುರಾಂಗ್ ಪಶ್ಚಿಮದಲ್ಲಿದೆ ಅಂತ ನನಗೆ ಗೊತ್ತು. ನಕ್ಷೆ ಹೇಳಿತು, ಮುಗಿಯಿತು.

"ಪರಿಚಯ" ಬೇರೆ. ಪರಿಚಯಕ್ಕೆ ಇಬ್ಬರು ಬೇಕು. ನನಗೆ ಅವರ ಪರಿಚಯ ಇದ್ದರೆ ಅವರಿಗೂ ನನ್ನ ಪರಿಚಯ ಇರುತ್ತೆ.

ಮೂರನೆಯದು, ಈಗ ಮಾತಿನಲ್ಲಿ ಕಡಿಮೆಯಾಗುತ್ತಿರುವ ಒಂದು ಚೆಂದದ ಪದ: "ಹೊಕ್ಕುಬಳಕೆ". ಹೊಕ್ಕು ಅಂದರೆ ಒಳಗೆ ಹೋಗಿ. ಬಳಕೆ ಅಂದರೆ ಒಡನಾಟ, ಉಪಯೋಗ, ರೂಢಿ. "ಆ ಮನೆಗೂ ನಮಗೂ ಹೊಕ್ಕುಬಳಕೆ ಇದೆ" ಅಂದರೆ, ಹಬ್ಬಕ್ಕೂ ಹೋಗ್ತೀವಿ, ಸಾವಿಗೂ ಹೋಗ್ತೀವಿ, ಸಕ್ಕರೆ ಮುಗಿದರೆ ಲೋಟ ಹಿಡಿದುಕೊಂಡೂ ಹೋಗ್ತೀವಿ ಅಂತ. ಜೊತೆಗೆ ಇನ್ನೊಂದು ಅರ್ಥವೂ ಅದರಲ್ಲಿ ಅಡಗಿದೆ: ಅವರು ನಮ್ಮ ಬಾಗಿಲು ತಟ್ಟಿದರೆ ನಾವು ಇಲ್ಲ ಅನ್ನುವ ಹಾಗಿಲ್ಲ. ಹೊಕ್ಕುಬಳಕೆಯಲ್ಲಿ ಒಂದು ಹಂಗು ಇದೆ.

ಹಾಗಾದರೆ ನನ್ನ ಪ್ರಶ್ನೆಯನ್ನು ಹೀಗೆ ತಿದ್ದಿ ಬರೆಯಬಹುದು: ಒಂದು ದ್ವೀಪದ ಎಲ್ಲ ಭಾಗಗಳೊಂದಿಗೆ ನಮ್ಮ ಸಂಬಂಧ 'ಗೊತ್ತು' ಅನ್ನುವಲ್ಲೇ ನಿಂತರೆ ಸಾಕೇ?

ಕೋಷ್ಟಕ ಹೇಳುವುದು, ಹೇಳದೆ ಬಿಡುವುದು

ನನ್ನ ಕೆಲಸ ದತ್ತಾಂಶದ್ದು. ಆದ್ದರಿಂದ ಯಾವ ಊರಿಗೆ ಹೋದರೂ ಮೊದಲು ಅದರ ಅಂಕಿಅಂಶ ನೋಡುವ ಚಟ ಇದೆ. ಸಿಂಗಾಪುರದ ಯೋಜನಾ ಇಲಾಖೆ ದೇಶವನ್ನು ಐದು ಪ್ರದೇಶಗಳಾಗಿ ವಿಂಗಡಿಸಿದೆ: ಮಧ್ಯ, ಪೂರ್ವ, ಈಶಾನ್ಯ, ಉತ್ತರ, ಪಶ್ಚಿಮ. ಅವುಗಳೊಳಗೆ 55 ಯೋಜನಾ ಪ್ರದೇಶಗಳು. ಒಂದೊಂದಕ್ಕೂ ಜನಸಂಖ್ಯೆ, ವಯಸ್ಸು, ಮನೆಯ ವಿಧ ಎಲ್ಲ ಸಿಗುತ್ತೆ. ಇಷ್ಟು ಅಚ್ಚುಕಟ್ಟಾದ ದತ್ತಾಂಶ ಸಿಗುವ ದೇಶಗಳು ಕಡಿಮೆ.

ಆದರೆ ಕೋಷ್ಟಕ ಓದುವಾಗ ತಲೆಬರಹ ಮುಖ್ಯ. ಈ ಪ್ರದೇಶವಾರು ಜನಸಂಖ್ಯೆಯಲ್ಲಿ ಎಣಿಸುವುದು 'ನಿವಾಸಿ'ಗಳನ್ನು, ಅಂದರೆ ನಾಗರಿಕರು ಮತ್ತು ಕಾಯಂ ನಿವಾಸಿಗಳನ್ನು. 2024ರಲ್ಲಿ ದೇಶದ ಒಟ್ಟು ಜನಸಂಖ್ಯೆ 60 ಲಕ್ಷ ದಾಟಿತು. ಅದರಲ್ಲಿ 18 ಲಕ್ಷಕ್ಕಿಂತ ಹೆಚ್ಚು ಜನ ಅನಿವಾಸಿಗಳು. ಅವರು ಈ ಸಾಲುಗಳಲ್ಲಿ ಇಲ್ಲ. ವರ್ಕ್ ಪಾಸ್ ಮೇಲಿರುವ ಸಾಫ್ಟ್‌ವೇರ್ ಎಂಜಿನಿಯರ್ ಇಲ್ಲ, ಅವರ ಮನೆಯಲ್ಲಿ ಅಡುಗೆ ಮಾಡುವ ಹೆಣ್ಣುಮಗಳೂ ಇಲ್ಲ. ತುವಾಸ್ ಎದುರಿಗೆ ಕಾಣುವುದು ಬಹಳ ಸಣ್ಣ ಸಂಖ್ಯೆ. ಅದನ್ನು ಓದಿದವರಿಗೆ ತುವಾಸ್ ಅಂದರೆ ಖಾಲಿ ಜಾಗ. ಬೆಳಗಿನ ಹೊತ್ತು ಅಲ್ಲಿಗೆ ಹೋಗಿ ನಿಂತು ನೋಡಿದರೆ ಹಡಗುಕಟ್ಟೆ, ಕಾರ್ಖಾನೆ, ಲಾರಿಗಳ ಸಾಲು, ಸಾವಿರಾರು ಕಾರ್ಮಿಕರು ಮಲಗೇಳುವ ಡಾರ್ಮಿಟರಿಗಳು. ಕೋಷ್ಟಕ ಸುಳ್ಳು ಹೇಳಿಲ್ಲ. ಅದಕ್ಕೆ ಕೇಳಿದ ಪ್ರಶ್ನೆಗೆ ಸರಿಯಾದ ಉತ್ತರವನ್ನೇ ಕೊಟ್ಟಿದೆ. ಬೇರೆ ಪ್ರಶ್ನೆ ಕೇಳುವ ಜವಾಬ್ದಾರಿ ಓದುವವರದ್ದು.

ಮಳೆಯದ್ದೂ ಇದೇ ಕಥೆ. ದೇಶದ ಅಧಿಕೃತ ಹವಾಮಾನ ಅಂಕಿಗಳಿಗೆ ಆಧಾರ ಪೂರ್ವ ತುದಿಯ ಚಾಂಗಿ ಕೇಂದ್ರ. ಆದರೆ ಉತ್ತರ ಮತ್ತು ಪಶ್ಚಿಮದಲ್ಲಿ ಮಳೆ ಹೆಚ್ಚು, ಪೂರ್ವಕ್ಕೆ ಬಂದ ಹಾಗೆ ಕಡಿಮೆ. 'ಸುಮಾತ್ರಾ' ಅಂತ ಇಲ್ಲಿಯವರು ಕರೆಯುವ ಬಿರುಗಾಳಿ ಮಳೆ ಮಲಕ್ಕಾ ಜಲಸಂಧಿಯಿಂದ ಎದ್ದು ನಸುಕಿನಲ್ಲಿ ಪಶ್ಚಿಮದ ಕಡೆಯಿಂದ ದ್ವೀಪದ ಮೇಲೆ ಬರುತ್ತೆ. ಜುರಾಂಗ್‌ನಲ್ಲಿ ನೆನೆದು ತೊಪ್ಪೆಯಾದವರು ರೈಲಿನಲ್ಲಿ ಚಾಂಗಿಗೆ ಬಂದರೆ ಅಲ್ಲಿ ನೆಲ ಒಣಗಿರುವುದೂ ಉಂಟು. ಇಷ್ಟು ಚಿಕ್ಕ ದ್ವೀಪಕ್ಕೂ ಒಂದೇ ಮಳೆ ಇಲ್ಲ.

ಐದು ದಿಕ್ಕಿನ ದ್ವೀಪ

ಹೊಕ್ಕುಬಳಕೆ ಶುರುವಾಗುವುದು ಹೆಸರಿನಿಂದ. ನಾವು ನಿತ್ಯ ರೈಲಿನ ಘೋಷಣೆಯಲ್ಲಿ ಕೇಳುವ ಹೆಸರುಗಳಿಗೆ ಅರ್ಥ ಇದೆ. ಪೂರ್ವದ ತಾನಾ ಮೇರಾ ಅಂದರೆ ಮಲಯ್ ಭಾಷೆಯಲ್ಲಿ ಕೆಂಪು ಮಣ್ಣು. ಟ್ಯಾಂಪನೀಸ್ ಹೆಸರು ತೆಂಪಿನಿಸ್ ಅನ್ನುವ ಗಟ್ಟಿ ಮರದಿಂದ ಬಂದದ್ದು. ಉತ್ತರದ ಸೆಂಬವಾಂಗ್ ಕೂಡ ಒಂದು ಮರದ ಹೆಸರು. ಮಧ್ಯದ ತೋವಾ ಪಾಯೋ ಅಂದರೆ ದೊಡ್ಡ ಜೌಗು. 'ತೋವಾ' ಹೊಕ್ಕಿಯನ್ ಮಾತು, 'ಪಾಯಾ' ಮಲಯ್ ಮಾತು. ಎರಡು ಭಾಷೆ ಸೇರಿ ಒಂದು ಊರಿನ ಹೆಸರು. ಹಳ್ಳಿ, ಪಾಳ್ಯ, ಸಂದ್ರ, ಕೆರೆಗಳ ಮೇಲೆ ಕಟ್ಟಿದ ಬೆಂಗಳೂರಿನಿಂದ ಬಂದವರಿಗೆ ಇದು ಹೊಸದಲ್ಲ. ಕೆರೆ ಹೋಗುತ್ತೆ, ಹೆಸರು ಉಳಿಯುತ್ತೆ.

ಪಶ್ಚಿಮದ ಜುರಾಂಗ್ 1960ರ ದಶಕದ ಆರಂಭದಲ್ಲಿ ಜೌಗು ಮತ್ತು ಗುಡ್ಡ. ಅದನ್ನು ಕೈಗಾರಿಕಾ ಪ್ರದೇಶ ಮಾಡುತ್ತೇವೆ ಅಂತ ಅರ್ಥಸಚಿವ ಗೋ ಕೆಂಗ್ ಸ್ವೀ ಹೊರಟಾಗ, ಟೀಕಾಕಾರರು ಅದಕ್ಕೆ ಇಟ್ಟ ಅಡ್ಡಹೆಸರು 'ಗೋ ಅವರ ಹುಚ್ಚು'. ಇವತ್ತು ದ್ವೀಪದ ಬೆವರಿನ ಬಹುಪಾಲು ಅಲ್ಲೇ. ಉತ್ತರದ ವುಡ್‌ಲ್ಯಾಂಡ್ಸ್‌ನಲ್ಲಿ ಸುಮಾರು ಒಂದು ಕಿಲೋಮೀಟರ್ ಉದ್ದದ ಸೇತುದಾರಿ ಮಲೇಷ್ಯಾಕ್ಕೆ ಸೇರಿಸುತ್ತೆ. ಇನ್ನೂ ಕತ್ತಲಿರುವಾಗಲೇ ಆ ಕಡೆಯಿಂದ ಬೈಕುಗಳಲ್ಲಿ, ಬಸ್ಸುಗಳಲ್ಲಿ ಜನ ಕೆಲಸಕ್ಕೆ ಬರುತ್ತಾರೆ. ನಮ್ಮ ಆಫೀಸಿನ ದೀಪ ಹತ್ತುವ ಮುಂಚೆ ಅವರ ದಿನ ಅರ್ಧ ಆಗಿರುತ್ತೆ. ಈಶಾನ್ಯದ ಪುಂಗೋಲ್ ಹತ್ತಿರದ ಲೋರೋಂಗ್ ಹಾಲುಸ್ 1999ರವರೆಗೆ ಕಸ ಸುರಿಯುವ ಜಾಗ. ಈಗ ಜನ ಸೈಕಲ್ ಹೊಡೆಯುವ ಹಸಿರು ಜೌಗುಪ್ರದೇಶ.

ಕಸದ ಮಾತು ಬಂತು, ಅದನ್ನೇ ಹಿಡಿದು ಹೋಗೋಣ. ಎಚ್‌ಡಿಬಿ ಫ್ಲ್ಯಾಟಿನಲ್ಲಿ ಇರುವವರು ಅಡುಗೆಮನೆಯ ಕಸವನ್ನು ಗೋಡೆಯ ಕಿಂಡಿಗೆ ಹಾಕಿ ಮುಚ್ಚಳ ಮುಚ್ಚುತ್ತೇವೆ. 'ಧಬ್' ಅಂತ ಕೆಳಗೆ ಬಿದ್ದ ಶಬ್ದ ಕೇಳಿತು ಅಂದರೆ ನಮ್ಮ ಪಾಲಿಗೆ ಅದು ಮುಗಿಯಿತು. ಆದರೆ ಅದು ಸುಡುವ ಸ್ಥಾವರಕ್ಕೆ ಹೋಗುತ್ತೆ. ಬೂದಿ ತುವಾಸ್‌ನಿಂದ ದೋಣಿಯಲ್ಲಿ ದಕ್ಷಿಣದ ಸೆಮಕಾವ್ ದ್ವೀಪ ಸೇರುತ್ತೆ. 1999ರಿಂದ ದೇಶದ ಕಸದ ಕೊನೆಯ ಮನೆ ಅದು. ಒಂದು ಕಾಲಕ್ಕೆ ಅಲ್ಲಿ ಮೀನುಗಾರರು ಇದ್ದರು.

ಸತ್ತವರಿಗೂ ಇಲ್ಲಿ ಜಾಗ ಎಣಿಕೆಯದ್ದೇ. ಪಶ್ಚಿಮದ ಚೋವಾ ಚು ಕಾಂಗ್ ಸ್ಮಶಾನದಲ್ಲಿ, 1998ರ ನಿಯಮದ ಪ್ರಕಾರ, ಹೂಳಿದವರಿಗೆ 15 ವರ್ಷ. ಆಮೇಲೆ ಅಸ್ಥಿ ತೆಗೆದು, ಧರ್ಮ ಒಪ್ಪಿದರೆ ದಹನ, ಇಲ್ಲದಿದ್ದರೆ ಚಿಕ್ಕ ಜಾಗದಲ್ಲಿ ಮರುಹೂಳು. ಪಾಸು ನವೀಕರಣದ ಚಿಂತೆ ಬದುಕಿರುವ ನಮಗೆ ಮಾತ್ರ ಅಂದುಕೊಂಡಿದ್ದರೆ, ಇಲ್ಲಿ ಮಣ್ಣಿನಡಿಯಲ್ಲೂ ಅವಧಿ ಇದೆ.

ಹೀಗೆ ನೋಡುತ್ತಾ ನನಗೆ ಅನ್ನಿಸಿದ್ದು: ಒಂದು ಜಾಗವನ್ನು ಬಲ್ಲೆ ಅನ್ನಬೇಕಾದರೆ ಕಡೇಪಕ್ಷ ಮೂರು ಪ್ರಶ್ನೆಗೆ ಉತ್ತರ ತಿಳಿದಿರಬೇಕು. ನಾನು ಬಿಸಾಡಿದ್ದು ಎಲ್ಲಿಗೆ ಹೋಗುತ್ತೆ? ನನ್ನ ಮನೆ ಕಟ್ಟಿದವರು, ಬೀದಿ ಗುಡಿಸುವವರು ರಾತ್ರಿ ಎಲ್ಲಿ ಮಲಗುತ್ತಾರೆ? ಇಲ್ಲಿ ಸತ್ತವರು ಎಲ್ಲಿದ್ದಾರೆ? ಮೂರಕ್ಕೂ ಉತ್ತರ ಸಿಗುವುದು ಪ್ರವಾಸಿ ನಕ್ಷೆ ಮುಗಿದ ಮೇಲಿನ ಭಾಗಗಳಲ್ಲಿ. ಇದು ಸಿಂಗಾಪುರಕ್ಕೆ ಮಾತ್ರವಲ್ಲ. ಬೆಂಗಳೂರಿನ ಕಸ ತಮ್ಮೂರಿಗೆ ಬೇಡ ಅಂತ ಮಂಡೂರಿನ ಜನ ರಸ್ತೆಗೆ ಇಳಿಯುವ ತನಕ, ಮಂಡೂರು ಎಲ್ಲಿದೆ ಅನ್ನುವುದೇ ಎಷ್ಟೋ ಬೆಂಗಳೂರಿಗರಿಗೆ ತಿಳಿದಿರಲಿಲ್ಲ.

ಎರಡು ಕಾಲಂ

ತಿಳಿಯದೆ ಇರುವುದರಿಂದ ಯಾರಿಗೆ ಏನು ನಷ್ಟ ಅಂತ ಕೇಳಬಹುದು. ಅದಕ್ಕೆ 2020 ಉತ್ತರ ಕೊಟ್ಟಿತು.

ಆ ಏಪ್ರಿಲ್‌ನಲ್ಲಿ ಎಲ್ಲರೂ ಮನೆಯೊಳಗೆ ಕೂತು ಪ್ರತಿದಿನದ ಕೋವಿಡ್ ಅಂಕಿ ನೋಡುತ್ತಿದ್ದೆವು. ಏಪ್ರಿಲ್ 20ರಂದು ಒಂದೇ ದಿನ 1,426 ಹೊಸ ಪ್ರಕರಣ. ವರದಿಯಲ್ಲಿ ಅವನ್ನು ಬೇರೆ ಬೇರೆ ಸಾಲಿನಲ್ಲಿ ಕೊಡುತ್ತಿದ್ದರು: ಸಮುದಾಯದ ಪ್ರಕರಣಗಳು, ಡಾರ್ಮಿಟರಿಯಲ್ಲಿ ಇರುವ ಕಾರ್ಮಿಕರ ಪ್ರಕರಣಗಳು. ಬಹುಪಾಲು ಎರಡನೆಯವು. ವೈದ್ಯಕೀಯವಾಗಿ ಆ ವಿಂಗಡಣೆಗೆ ಅರ್ಥ ಇತ್ತು. ಒಂದೇ ಕೋಣೆಯಲ್ಲಿ ಹತ್ತು, ಹನ್ನೆರಡು, ಇನ್ನೂ ಹೆಚ್ಚು ಜನ ಇರುವ ಕಡೆ ಸೋಂಕು ಹರಡುವ ವೇಗವೇ ಬೇರೆ. ಅದನ್ನು ಪ್ರತ್ಯೇಕವಾಗಿ ಅಳೆಯುವುದು ಸರಿಯೇ.

ಆದರೆ ಕಾಲಂಗೆ ಇಟ್ಟ ಹೆಸರು ಮನಸ್ಸಿನೊಳಗೂ ಕೆಲಸ ಮಾಡುತ್ತೆ. "ಸಮುದಾಯದಲ್ಲಿ ಇವತ್ತು ಕಡಿಮೆ" ಅಂತ ನಿಟ್ಟುಸಿರು ಬಿಡುವಾಗ, ಆ ಸಮುದಾಯ ಅನ್ನುವ ಮಾತಿನ ಹೊರಗೆ ಮೂರು ಲಕ್ಷಕ್ಕಿಂತ ಹೆಚ್ಚು ಜನ ಉಳಿದರು. ವರ್ಷದ ಕೊನೆಗೆ ಸರ್ಕಾರವೇ ಕೊಟ್ಟ ಲೆಕ್ಕದ ಪ್ರಕಾರ ಡಾರ್ಮಿಟರಿಗಳಲ್ಲಿದ್ದವರಲ್ಲಿ 47 ಶೇಕಡಾ ಜನರಿಗೆ ಸೋಂಕು ತಗುಲಿತ್ತು. ಉಳಿದವರ ಮೇಲಿನ ನಿರ್ಬಂಧ ಸಡಿಲವಾದ ಮೇಲೂ ಅವರ ಓಡಾಟಕ್ಕೆ ಬಹಳ ಕಾಲ ತಡೆ ಇತ್ತು. ತುವಾಸ್, ಸುಂಗೈ ಕಾಡುತ್, ಪುಂಗೋಲ್: ಆವರೆಗೆ ಎಷ್ಟೋ ಜನರ ನಕ್ಷೆಯಲ್ಲಿ ಇಲ್ಲದಿದ್ದ ಡಾರ್ಮಿಟರಿಗಳ ಹೆಸರುಗಳು ಸುದ್ದಿಯ ಮೂಲಕ ಬಂದವು. ಒಂದು ಭಾಗದ ಪರಿಚಯ ಆಗುವುದಕ್ಕೆ ರೋಗ ಬರಬೇಕಾಯಿತು.

ತಿಳಿಯದೆ ಇರುವುದು ತಪ್ಪಲ್ಲದಿರಬಹುದು. ಆದರೆ ನಮಗೆ ತಿಳಿಯದ ಜಾಗದಲ್ಲಿ ಯಾರಿಗೆ ಏನು ಆದರೂ ಅದು ನಮಗೆ 'ನಮ್ಮೂರಿನ ಸುದ್ದಿ' ಅನ್ನಿಸುವುದಿಲ್ಲ. ನಷ್ಟ ಅಲ್ಲಿದೆ, ಮತ್ತು ಅದನ್ನು ಭರಿಸುವವರು ನಾವಲ್ಲ.

ನೋಡುವುದು ಇಣುಕುವುದಾದರೆ?

ಇದಕ್ಕೆ ಒಂದು ಗಟ್ಟಿಯಾದ ಆಕ್ಷೇಪ ಇದೆ. "ಸರಿ, ಹಾಗಾದರೆ ಭಾನುವಾರ ಕ್ಯಾಮೆರಾ ಹಿಡಿದುಕೊಂಡು ಬೇರೆಯವರ ಬದುಕು ನೋಡೋಕೆ ಹೋಗೋದಾ?" ಈಶಾನ್ಯದಲ್ಲಿ ಕಂಪೋಂಗ್ ಲೋರೋಂಗ್ ಬುವಾಂಗ್‌ಕೋಕ್ ಇದೆ, ಮುಖ್ಯ ದ್ವೀಪದಲ್ಲಿ ಉಳಿದಿರುವ ಕೊನೆಯ ಹಳ್ಳಿ. ಕೆಲವೇ ಮನೆ, ತಗಡಿನ ಸೂರು, ಸುತ್ತ ಎತ್ತರದ ಕಟ್ಟಡಗಳು. ಅಲ್ಲಿ ಒಗೆದು ಹರವಿದ ಬಟ್ಟೆಯ ಮುಂದೆ ಸೆಲ್ಫಿ ತೆಗೆದುಕೊಳ್ಳುವವರನ್ನು ನೋಡಿದರೆ ಈ ಆಕ್ಷೇಪ ಸುಮ್ಮನೆ ಬಂದದ್ದಲ್ಲ ಅಂತ ಅರ್ಥವಾಗುತ್ತೆ. ಜನರಿಗೆ ಯಾರ ಕಣ್ಣಿಗೂ ಬೀಳದೆ ಇರುವ ಹಕ್ಕು ಕೂಡ ಇದೆ.

ಹೊಕ್ಕುಬಳಕೆ ಅನ್ನುವ ಪದಕ್ಕೆ ಮತ್ತೆ ಬರುವುದು ಇಲ್ಲೇ. ಹೊಕ್ಕು ಮಾತ್ರ ಇದ್ದರೆ ಅದು ನುಗ್ಗುವುದು. ಬಳಕೆ ಸೇರಿದರೆ ಮಾತ್ರ ಸಂಬಂಧ. ಆ ಭಾಗದ ಹಾಕರ್ ಸೆಂಟರಿನಲ್ಲಿ ಕೂತು ಉಣ್ಣುವುದು, ಅದೇ ಅಂಗಡಿಗೆ ಮತ್ತೆ ಹೋಗುವುದು, ಅಲ್ಲಿನ ಗ್ರಂಥಾಲಯದಲ್ಲಿ ಮಕ್ಕಳ ಜೊತೆ ಒಂದು ಮಧ್ಯಾಹ್ನ ಕಳೆಯುವುದು, ವಾಯ್ಡ್ ಡೆಕ್‌ನಲ್ಲಿ ಚದುರಂಗ ಆಡುವ ಅಜ್ಜಂದಿರಿಗೆ ನಮಸ್ಕಾರ ಹೇಳುವುದು. ಭಾನುವಾರ ಲಿಟಲ್ ಇಂಡಿಯಾದಲ್ಲಿ ಹುಲ್ಲಿನ ಮೇಲೆ ಕೂತ ತಂಜಾವೂರಿನ ಕಡೆಯ ಹುಡುಗನ ಜೊತೆ ನನ್ನ ಹರಕುಮುರುಕು ತಮಿಳಿನಲ್ಲಿ ಮಾತಾಡಿದ್ದೇನೆ. ಆತ ನನ್ನನ್ನು ಮೊದಲು ಕೇಳಿದ್ದು "ಅಣ್ಣಾ, ನೀವು ಎಷ್ಟು ವರ್ಷಕ್ಕೊಮ್ಮೆ ಊರಿಗೆ ಹೋಗ್ತೀರಿ?" ಅಂತ. ಪ್ರಶ್ನೆ ಆ ಕಡೆಯಿಂದಲೂ ಬಂದರೆ ಅದು ಪರಿಚಯ.

ತಿಳಿದರೆ ಏನಾದರೂ ಬದಲಾಗುತ್ತಾ? ಪುಲಾವ್ ಊಬಿನ್ ದ್ವೀಪದ ಚೆಕ್ ಜಾವಾ ತೀರವನ್ನು ಮಣ್ಣು ತುಂಬಿ ಮುಚ್ಚುವ ಯೋಜನೆ ಇತ್ತು. ಇಳಿತದ ಹೊತ್ತಿನಲ್ಲಿ ನಕ್ಷತ್ರಮೀನು, ಏಡಿ, ಕಡಲಹುಲ್ಲು ಕಾಣುವ ಜಾಗ ಅದು. ಜನ ಹೋಗಿ ನೋಡಿದರು, ದಾಖಲಿಸಿದರು, ಬರೆದರು. 2001ರ ಡಿಸೆಂಬರ್‌ನಲ್ಲಿ ಸರ್ಕಾರ ಯೋಜನೆಯನ್ನು ಮುಂದೂಡಿತು, ತೀರ ಇವತ್ತಿಗೂ ಇದೆ. ಮಧ್ಯ ಭಾಗದ ಬುಕಿತ್ ಬ್ರೌನ್ ಸ್ಮಶಾನದ ಕಥೆ ಬೇರೆಯಾಯಿತು. 1922ರಲ್ಲಿ ತೆರೆದ ಆ ಚೀನೀ ಸ್ಮಶಾನದ ನಡುವೆ ಹೆದ್ದಾರಿ ಬರುತ್ತದೆ ಅಂತ 2011ರಲ್ಲಿ ತಿಳಿದಾಗ ಸ್ವಯಂಸೇವಕರು ಜನರನ್ನು ಕರೆದುಕೊಂಡು ಹೋಗಿ ಒಂದೊಂದು ಸಮಾಧಿಯ ಕಥೆ ಹೇಳಿದರು. ಹೆದ್ದಾರಿ ಬಂತು. ಸಾವಿರಾರು ಸಮಾಧಿ ತೆಗೆದರು. ಆದರೆ ತೆಗೆಯುವ ಮುಂಚೆ ಅವನ್ನೆಲ್ಲ ದಾಖಲಿಸುವ ಕೆಲಸ ನಡೆಯಿತು. ಪರಿಚಯ ಇದ್ದ ಮಾತ್ರಕ್ಕೆ ಎಲ್ಲವೂ ಉಳಿಯುವುದಿಲ್ಲ. ಹೆಸರು ಹಿಡಿದು ಕಳಿಸಿಕೊಟ್ಟ ಹಾಗಾದರೂ ಆಗುತ್ತೆ.

ನಾಲ್ಕು ದಿನ ಇರುವವರಿಗೆ ಯಾಕೆ?

ನಮ್ಮವರು ಹೇಳುವ ಇನ್ನೊಂದು ಮಾತು: "ನಾವು ಇಲ್ಲಿ ಇರೋದು ನಾಲ್ಕು ದಿನ. ಪಾಸು ಮುಗಿದರೆ ಹೊರಡಬೇಕು. ಇದೆಲ್ಲ ಯಾಕೆ?" ಈ ಮಾತಿನ ಹಿಂದಿನ ನೋವು ನನಗೆ ಗೊತ್ತು, ನನ್ನ ಪಾಸಿಗೂ ಕೊನೆಯ ದಿನಾಂಕ ಇದೆ. ಅವಧಿ ಇರುವ ಜಾಗಕ್ಕೆ ಮನಸ್ಸು ಕೊಡೋಕೆ ಭಯ ಆಗುತ್ತೆ.

ಆದರೆ ಬಾಡಿಗೆ ಮನೆಯವರೂ ಅದೇ ಬಾವಿಯ ನೀರು ಕುಡಿಯುತ್ತಾರೆ. ನಾಲ್ಕು ದಿನದ ಕಸವೂ ಸೆಮಕಾವ್‌ಗೇ ಹೋಗುತ್ತೆ, ಅಲ್ಲಿ ಶಾಶ್ವತವಾಗಿ ಉಳಿಯುತ್ತೆ. ಅಲ್ಲದೆ ನಾಲ್ಕು ದಿನಕ್ಕೆ ಅಂತ ಬಂದವರೇ ಇಲ್ಲಿ ಹೆಚ್ಚು. ತುವಾಸ್‌ನ ಕಾರ್ಮಿಕರೂ ಹಾಗೇ ಬಂದವರು. ನಮ್ಮ ಅವರ ನಡುವೆ ಇರುವ ಸಾಮ್ಯವೇ ಅದು, ಮತ್ತು ದ್ವೀಪದ ಎರಡು ತುದಿಯಲ್ಲಿ ಇರುವುದರಿಂದ ಅದು ನಮಗೆ ಕಾಣುವುದಿಲ್ಲ.

ಮಕ್ಕಳ ವಿಷಯ ಇನ್ನೂ ಮುಖ್ಯ. ಇಲ್ಲೇ ಬೆಳೆದ ಮಗು "ನಮ್ಮೂರು ಟ್ಯಾಂಪನೀಸ್" ಅಂದರೆ ಅಪ್ಪ ಅಮ್ಮ ನಕ್ಕು, "ಅಲ್ಲ ಪುಟ್ಟಾ, ನಮ್ಮೂರು ಹಾಸನ" ಅಂತ ತಿದ್ದುತ್ತಾರೆ. ಆ ತಿದ್ದುಪಡಿ ಬೇಕಾ ಅಂತ ನನಗೆ ಅನುಮಾನ. ಕನ್ನಡದ 'ನಮ್ಮೂರು' ಬಹಳ ಉದಾರವಾದ ಮಾತು. ಅದು ಪಾಸ್‌ಪೋರ್ಟ್ ಕೇಳುವುದಿಲ್ಲ, ಎರಡು ಊರುಗಳಿಗೆ ಅದನ್ನು ಅನ್ನಬೇಡಿ ಅನ್ನುವುದೂ ಇಲ್ಲ. ಅದು ಕೇಳುವುದು ಹೊಕ್ಕುಬಳಕೆಯನ್ನು. ಹಾಸನದಲ್ಲಿ ಯಾರ ಮನೆ ಯಾವ ಬೀದಿಯಲ್ಲಿದೆ, ಊರ ಕೆರೆ ಎಲ್ಲಿ ಅಂತ ಅಜ್ಜಿ ಹೇಳಿಕೊಡುತ್ತಾರೆ. ಇಲ್ಲಿ ಅದನ್ನು ಹೇಳಿಕೊಡುವ ಅಜ್ಜಿ ಇಲ್ಲ. ಆ ಕೆಲಸವನ್ನು ನಾವೇ, ಮಕ್ಕಳ ಜೊತೆ ಸೇರಿಕೊಂಡು ಮಾಡಬೇಕು.

ಹೇಗೆ ಅಂತ ಕೇಳಿದರೆ ನನ್ನ ಹತ್ತಿರ ದೊಡ್ಡ ಯೋಜನೆಯೇನೂ ಇಲ್ಲ. ತಿಂಗಳಿಗೊಂದು ಭಾನುವಾರ, ಯಾವ ಕೆಲಸವೂ ಇಲ್ಲದ ಒಂದು ನಿಲ್ದಾಣದಲ್ಲಿ ಇಳಿಯಿರಿ. ಅದರ ಹೆಸರಿಗೆ ಏನರ್ಥ ಅಂತ ಅಲ್ಲಿಯವರನ್ನೇ ಕೇಳಿ. ಅಲ್ಲೇ ಊಟ ಮಾಡಿ. ಮುಂದಿನ ವರ್ಷ ಅದೇ ಜಾಗಕ್ಕೆ ಇನ್ನೊಮ್ಮೆ ಹೋಗಿ. ಮೇಲಿನ ಮೂರು ಪ್ರಶ್ನೆಗಳನ್ನು ಜೇಬಿನಲ್ಲಿಟ್ಟುಕೊಳ್ಳಿ. ದುಬೈನಲ್ಲಿ, ಡಲ್ಲಾಸ್‌ನಲ್ಲಿ, ಮೆಲ್ಬರ್ನ್‌ನಲ್ಲಿ ಇರುವವರಿಗೂ ಅವು ಕೆಲಸಕ್ಕೆ ಬರುತ್ತವೆ. ದೂರದ ನೆಪ ನಿಮಗೆ ಸ್ವಲ್ಪ ಹೆಚ್ಚು ಸಿಗಬಹುದು, ಅಷ್ಟೇ ವ್ಯತ್ಯಾಸ.

ನೀವಿರುವ ಊರಿನಲ್ಲಿ ನಿಮ್ಮ ಐದು ಚುಕ್ಕಿ ಯಾವುವು? ಆರನೆಯದನ್ನು ಎಲ್ಲಿ ಇಡಬೇಕು ಅಂತಿದ್ದೀರಿ? ಬರೆದು ತಿಳಿಸಿ. ಮುಂದಿನ ಕಂತಿನಲ್ಲಿ ಒಂದಷ್ಟನ್ನು ಓದೋಣ.